ಗುರುದೇವಿಗೆ ಎಟುಕದ ಸೀಟು

ಗುರುದೇವಿಗೆ ಗಂಡನ ಮೇಲೆ ಸಿಟ್ಟು ಬರುತ್ತಿದ್ದುದು ಶನಿವಾರ ಮಾತ್ರ. ಉಳಿದ ದಿನ ಸಿಟ್ಟು ಮಾಡಿಕೊಳ್ಳಲು ಪುರಸೊತ್ತಾದರೂ ಎಲ್ಲಿತ್ತು? ಪರದೇಶದಲ್ಲಿ, ಸಟನ್ ಎಂಬ ಊರಿನ ಕಡೆಯ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಇವಳು, ಅಲ್ಲಿಯದೇ ಲ್ಯಾಬಿನಲ್ಲಿ ಗಂಡ ವಿನಾಯಕ. ಆತ ಸೈಕಲ್ ಮೇಲೆ ಹೋಗುತ್ತಿದ್ದ. ಇವಳು ಬೆಳಕು ಹರಿಯುವ ಮೊದಲೇ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು.

ಶನಿವಾರ ಬಂತೆಂದರೆ ಈ ಮನುಷ್ಯ ಹಿತ್ತಲಿನ ಶೆಡ್ಡು ತೆಗೆದು, ನಟ್ಟು ಬಿಚ್ಚುವ ಪಾನಾ ಹರಡಿಕೊಂಡು ಕೂತುಬಿಡುತ್ತಿದ್ದ. ಪರಿಚಯದ ಕನ್ನಡದವರೆಲ್ಲ ಸೈಕಲ್ ತಳ್ಳಿಕೊಂಡು ಬರುವುದೇ ಬರುವುದು. ಎರಡೂ ಕಾಲು ನೆಲಕ್ಕೆ ತಾಗುವಂತೆ ಸೀಟು ಇಳಿಸಿಕೊಳ್ಳುವುದು ನಮ್ಮವರ ಹಳೇ ಚಾಳಿ, ಆಮೇಲೆ ಮೊಣಕಾಲು ನೋವೆಂದು ಗೋಳಾಡುವುದು. ವಿನಾಯಕ ಒಬ್ಬೊಬ್ಬರನ್ನೂ ಕೂಡಿಸಿ, ಪೆಡಲ್ ಕೆಳಗಿಳಿಸಿ, ಅದರ ಮೇಲೆ ಹಿಮ್ಮಡಿ ಇಡಿಸಿ, ಕಾಲು ನೆಟ್ಟಗಾಗುವವರೆಗೆ ಸೀಟು ಏರಿಸುತ್ತಿದ್ದ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಕೂರಿಸಿ, ತಾನೇ ರಸ್ತೆಯ ತುದಿಗೆ ನಡೆದುಹೋಗಿ ಅಲ್ಲಿಂದ ಕಾಣುತ್ತದೋ ಇಲ್ಲವೋ ನೋಡಿ ಬರುತ್ತಿದ್ದ. ಮನೆಗೆ ಮಾರಿ, ಪರರಿಗೆ ಉಪಕಾರಿ ಅಂತ ಗಾದೆ ಮಾಡಿದವರು ಇವನನ್ನು ನೋಡಿಯೇ ಮಾಡಿರಬೇಕು. ಯಾಕೆಂದರೆ ತನಗೂ ಸೈಕಲ್ ಕಲಿಸಿರೆಂದು ಗುರುದೇವಿ ಒಮ್ಮೆ ಬಾಯಿಬಿಟ್ಟು ಕೇಳಿದ್ದಳು. “ನಿನಗ್ಯಾಕ ಇದೆಲ್ಲಾ? ಬಸ್ಸು ಅದಾವಲ್ಲ,” ಅಂದಿದ್ದ, ನಗುತ್ತ. ಅವಳು ಮತ್ತೆ ಕೇಳಲಿಲ್ಲ. ಬೆಳಗಾವಿಯ ಹೆಣ್ಣುಮಗಳು ಒಂದು ಮಾತನ್ನು ಎರಡು ಸಲ ಕೇಳುವುದುಂಟೇ?

ಅಷ್ಟರಲ್ಲಿ ಬಂದಳು ರಜನಿ. ಮೈಸೂರಿನವಳು, ಅದೇ ಆಸ್ಪತ್ರೆಗೆ ಹೊಸದಾಗಿ ಸೇರಿದ ನರ್ಸು, ಎತ್ತರದ ಹುಡುಗಿ. ಅವಳಿಗೆ ಸೀಟು ಹೊಂದಿಸಲು ವಿನಾಯಕ ನೆಲಕ್ಕೆ ಮಂಡಿಯೂರಿ, ಅವಳ ಮೊಣಕಾಲನ್ನೇ ದಿಟ್ಟಿಸುತ್ತ, ಒಂದು ಬೆರಳು ಮೇಲೆ, ಅರ್ಧ ಬೆರಳು ಕೆಳಗೆ ಎಂದು ಮಧ್ಯಾಹ್ನವೆಲ್ಲ ಕಳೆದ. ಅವಳ ಉದ್ದ ಕೋಟು ಹಿಂದಿನ ದೀಪವನ್ನು ಮುಚ್ಚುತ್ತದೆಂದು, ದೀಪವನ್ನು ಸೀಟಿನ ಕಂಬದಿಂದ ಬಿಚ್ಚಿ ಕ್ಯಾರಿಯರಿನ ತುದಿಗೆ ಹಾಕಿದ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಗುರುದೇವಿಯ ಚಪಾತಿ ಕರಕಲಾಯಿತು. ಸಕ್ಕರೆ ಹಾಕದೆ ಚಹಾ ಕೊಟ್ಟಳು. ಆ ಹುಡುಗಿ ಅದನ್ನೂ ಚೆನ್ನಾಗಿದೆ ಎಂದು ಕುಡಿದಳು. ಇನ್ನೂ ಉರಿಯಿತು.

ಗಂಡ ಕೈತಪ್ಪಿಯಾನು ಎಂಬ ಭಯವೇನಲ್ಲ. ಎಂಥವನೆಂದು ಅವಳಿಗೆ ಗೊತ್ತು. ಆದರೆ ಇಷ್ಟು ವರ್ಷದ ಸಂಸಾರದಲ್ಲಿ ತನ್ನನ್ನು ಒಮ್ಮೆಯೂ ಆತ ಹಾಗೆ ಕೂಡಿಸಿಕೊಂಡು ನೋಡಿಲ್ಲವಲ್ಲ ಎಂಬುದೇ ಸಂಕಟ.

ಆಯುಧಪೂಜೆಯನ್ನು ಇಲ್ಲಿ ರಜೆಯ ಅನುಕೂಲಕ್ಕೆ ಶನಿವಾರ ಸಂಜೆಗೆ ತಳ್ಳಿಕೊಳ್ಳುವುದು ರೂಢಿ. ತನ್ನ ಸೈಕಲ್ಲಿಗೂ ಪೂಜೆಯಾಗಲಿ ಅಕ್ಕ ಎಂದು ರಜನಿ ಬಂದಳು. ಟೂಟಿಂಗ್‌ನ ನಮ್ಮವರ ಅಂಗಡಿಯಿಂದ ತಂದ ಚೆಂಡುಹೂವಿನಲ್ಲಿ ಚೆಂದದ್ದೆಲ್ಲ ಗಂಡನ ಸೈಕಲ್ಲಿಗೆ ಹೋಗಿತ್ತು. ಉಳಿದ ಮಾಲೆಯನ್ನು ಗುರುದೇವಿ ರಜನಿಯ ಕ್ಯಾರಿಯರಿಗೆ ಬಿರಬಿರನೆ ಸುತ್ತಿ, ವಿಭೂತಿ ಬಳಿದು, ಗಾಲಿಗೆ ನಿಂಬೆಹಣ್ಣಿಟ್ಟು, ಮುಗಿಯಿತು ಹೋಗು ಎಂದಳು. ವಿನಾಯಕ ಶೆಡ್ಡಿನೊಳಗೆ ಪಾನಾಗಳಿಗೆ ಆರತಿ ಎತ್ತುತ್ತಿದ್ದ. ಹೊರಗೆ ಕತ್ತಲಾಗಿತ್ತು.

ರಜನಿ ಹೊರಟಾಗ ಗೇಟಿನಲ್ಲಿ ನಿಂತ ಗುರುದೇವಿಗೆ ಹಿಂದಿನ ಕೆಂಪು ದೀಪ ಕಾಣಲಿಲ್ಲ. ಹೂವು ಅದನ್ನು ಮುಚ್ಚಿತ್ತು. ಬೇಕೆಂದೇ ಮುಚ್ಚಿದ್ದಳೇ? ಛೆ, ಅಂಥವಳಲ್ಲ. ಆದರೆ ಕಣ್ಣಾರೆ ಕಂಡ ಮೇಲೂ ಕೂಗಲು ಬಾಯಿ ಬರಲಿಲ್ಲ, ಒಂದು ಗಳಿಗೆ ಸುಮ್ಮನೆ ನಿಂತಳು. ಅಷ್ಟರಲ್ಲಿ ವ್ಯಾನೊಂದು ಗೇಟನ್ನು ದಾಟಿ ಅದೇ ದಿಕ್ಕಿಗೆ ಹೋಯಿತು, ರಜನಿಯ ಬಳಿ ಗಕ್ಕನೆ ಬ್ರೇಕ್ ಒತ್ತಿ ಬದಿಗೆ ಸರಿಯಿತು. ಗುರುದೇವಿ ಹವಾಯಿ ಚಪ್ಪಲಿಯಲ್ಲೇ ಸೀರೆ ಎತ್ತಿ ಹಿಡಿದು ಓಡಿದಳು.

ಸಿಗ್ನಲ್ಲಿನಲ್ಲಿ ರಜನಿ ಸಿಕ್ಕಳು. ಗುರುದೇವಿ ಸೈಕಲ್ಲನ್ನು ಫುಟ್‌ಪಾತಿಗೆ ಎಳೆದು, ಮಾಲೆಯನ್ನು ಹರಿದು ಎಸೆದಳು.

“ಹೂವು ದೀಪದ ಮ್ಯಾಲ ಬಿದ್ದಿತ್ತು. ನೋಡಿನೂ ಸುಮ್ಮನ ನಿಂತಿದ್ದೆ, ತಂಗಿ. ನಿನ್ನ ಮ್ಯಾಲ ನನಗ ಹೊಟ್ಟಿಕಿಚ್ಚು.”

ರಜನಿ ಬೆಪ್ಪಾದಳು. ಯಾಕೆಂದು ಕೇಳಿದಳು. ಸೀಟಿನ ಮಾತು, ಬಸ್ಸಿನ ಮಾತು, ಆ ನಗು, ಎಲ್ಲ ಅಲ್ಲೇ ಅಳುತ್ತ ಹೊರಬಂತು. ಪೂರ್ತಿ ಕೇಳಿಸಿಕೊಂಡ ರಜನಿ ಸೀಟಿನ ಕೆಳಗಿನ ಹಿಡಿಕೆ ಸಡಿಲಿಸಿ, ತನಗೆಂದು ಅಷ್ಟು ಹೊತ್ತು ಹೊಂದಿಸಿದ್ದ ಸೀಟನ್ನು ಪೂರಾ ಕೆಳಗಿಳಿಸಿದಳು.

“ಬನ್ನಿ ಅಕ್ಕ, ಕೂತ್ಕೊಳ್ಳಿ. ನಾನು ಹಿಡ್ಕೊಂಡಿರ್ತೀನಿ.”

ಗುರುದೇವಿ ಸೀರೆ ಸಿಕ್ಕಿಸಿಕೊಂಡು ಕೂತಳು. ಫುಟ್‌ಪಾತಿನ ಮೇಲೆಯೇ ಮನೆಯತ್ತ ಹೊರಟರು, ಒಬ್ಬಳು ಓಲಾಡುತ್ತ, ಇನ್ನೊಬ್ಬಳು ಬೆವರುತ್ತ. ಹೆಂಡತಿಯನ್ನು ಹುಡುಕಿಕೊಂಡು ಓಡಿಬಂದ ವಿನಾಯಕ ಎದುರಾದ. ಏನಾಯಿತೆಂದು ಕೇಳುವ ಬದಲು ಅವನ ಕಣ್ಣು ನೆಟ್ಟಗೆ ಸೀಟಿಗೇ ಹೋಯಿತು.

“ಸೀಟು ಭಾಳ ತೆಳಗ ಆಗೇತಿ. ಮೊಣಕಾಲು ಹೋಗ್ತಾವ. ಇಳಿ, ನಾ ಸರಿ ಮಾಡ್ತೀನಿ.”

ಗುರುದೇವಿ ಇಳಿಯಲಿಲ್ಲ. “ಇರ್ಲಿ ಬಿಡ್ರಿ. ನನಗ ರಜನಿ ಹೊಂದಿಸ್ಯಾಳ. ನೀವು ಮಂದೀದು ನೋಡ್ರಿ.”

ವಿನಾಯಕನ ಮುಖ ಕಪ್ಪಿಟ್ಟಿತು. ಆಕೆ ಪೆಡಲ್ ತುಳಿದಳು. ಬಿದ್ದಾಳೆಂದು ಅವನು ಸೀಟಿನ ಹಿಂದೆ ಹಿಡಿಯಲು ಕೈ ಚಾಚಿದ. ಅಲ್ಲಿ ಆಗಲೇ ರಜನಿಯ ಕೈ ಇತ್ತು.