ಮನೇಲಿ ಒಪ್ಪಬೇಕಲ್ಲ

ಅವರು ಹಲ್ಲು ಕಟ್ಟುವವರು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದರ ಮೇಲೆ ಮೇಣದಲ್ಲಿ ವಸಡು ಎಬ್ಬಿಸಿ, ಹಲ್ಲು ಜೋಡಿಸಿ, ಸೆಟ್ಟು ಮಾಡಿ ವಾಪಸು ಕಳಿಸುವುದು ಇವರ ಕೆಲಸ. ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಹುಕಾಲದಿಂದ ಕೂತಿದ್ದಾರೆ. ಕೋಣೆಯಲ್ಲಿ ಒಂದು ಮೇಜು, ಮೇಜಿಗೆ ಬಿಗಿದ ಸಾಣೆ ಯಂತ್ರ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಒಣಗುವ ಬಿಳಿ ದವಡೆಗಳು. ಆ ಬಾಯಿಗಳ ಒಡೆಯರನ್ನು ಇವರು ಕಂಡದ್ದು ಅಪರೂಪ. ಸೆಟ್ಟು ಸಡಿಲವಾದರೆ ಬೈಗುಳ ವೈದ್ಯರಿಗೆ. ಚೆನ್ನಾಗಿ ಕೂತರೆ ಹೊಗಳಿಕೆಯೂ ವೈದ್ಯರಿಗೆ. ಈ ಏರ್ಪಾಡು ಇವರಿಗೆ ಒಗ್ಗಿಹೋಗಿತ್ತು. ಗಂಡ ಹೆಂಡತಿ ಇಬ್ಬರೂ ನನಗೆ ಹಳೆಯ ಪರಿಚಯ, ನನ್ನ ಕೆಳದವಡೆಯ ಸೆಟ್ಟೂ ಇವರದೇ. ಕೆಲಸದಲ್ಲಿ ಕೊರತೆ ಹೇಳುವಂತಿಲ್ಲ.

ಭಾನುವಾರ ಬಂದರೆ ಇವರು ಬೇರೆಯೇ ಮನುಷ್ಯ. ಹಳೆಯ ಕಾಲದ ದೊಡ್ಡ ಸ್ಪೀಕರುಗಳನ್ನು ಮಾರುವವರ ಮನೆ ಹುಡುಕಿಕೊಂಡು ಹೊರಡುತ್ತಿದ್ದರು. ಈಗ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಡಬ್ಬಿಗಳಲ್ಲ. ಸೊಂಟದೆತ್ತರದ ಮರದ ಪೆಟ್ಟಿಗೆಗಳು, ಎತ್ತಲು ಎರಡಾಳು ಬೇಕಾದಂಥವು, ಮಾಡಿದ ಕಂಪನಿ ಮುಚ್ಚಿಹೋದರೂ ಬೆಲೆ ಇಳಿಯದಂಥವು. ಬಟ್ಟೆಚೀಲದಲ್ಲಿ ತಮ್ಮದೇ ಎರಡು ರೆಕಾರ್ಡು ಇಟ್ಟುಕೊಂಡು ಹೋಗುವರು. ಪೆಟ್ಟಿಗೆಯ ಮುಂದಿನ ಜಾಲರಿ ಕಳಚಿಸಿ, ಒಳಗಿನ ಕಾಗದದ ಕೋನಿನ ಅಂಚನ್ನು ಬೆರಳ ತುದಿಯಿಂದ ಒತ್ತಿ ನೋಡುವರು. ಹಳೆಯ ಸ್ಪೀಕರಿನಲ್ಲಿ ಮೊದಲು ಪುಡಿಯಾಗುವುದು ಆ ಅಂಚೇ. ಬೆನ್ನಿನ ಹಲಗೆಗೆ ಗೆಣ್ಣಿನಿಂದ ತಟ್ಟುವರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಕೇಳುವರು. ಮನೆಯವರು ಚಹಾ ತಂದುಕೊಡುವರು. ಇನ್ನೊಂದು ರೆಕಾರ್ಡು ಹಾಕುವರು. ಕೊನೆಗೆ ಮಾತು ವ್ಯಾಪಾರಕ್ಕೆ ತಿರುಗಿದಾಗ ಇವರು ಚೀಲದ ಬಾಯಿ ಮಡಿಸುತ್ತ ಹೇಳುತ್ತಿದ್ದ ಮಾತು ಒಂದೇ.

“ನನಗೇನೋ ತುಂಬಾ ಇಷ್ಟ ಸರ್. ಮನೇಲಿ ಒಪ್ಪಬೇಕಲ್ಲ.”

ಇದನ್ನು ಕೇಳಿ ಮುನಿಸಿಕೊಂಡ ಗಂಡಸು ಒಬ್ಬನೂ ಇಲ್ಲ. “ಅಯ್ಯೋ ಬಿಡಿ, ಎಲ್ಲರ ಮನೇಲೂ ಅದೇ ಕತೆ,” ಎಂದು ಬಾಗಿಲವರೆಗೆ ಬಂದು ಬೀಳ್ಕೊಡುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಗೋಡೆ ಯಾವುದಿದೆ? ಮೊದಮೊದಲು ಅದೊಂದೇ ವಾಕ್ಯವಿತ್ತು. ಬರಬರುತ್ತ ಅದಕ್ಕೆ ಕೈಕಾಲು ಬಂದವು. ಮನೆಯಾಕೆಗೆ ದೊಡ್ಡ ಸಾಮಾನು ಕಂಡರಾಗದು. ಸಂಗೀತ ಹಾಕಿದರೆ ತಲೆನೋವು. ಹಿಂದೊಮ್ಮೆ ತಂದದ್ದನ್ನು ಸಂಜೆಯೊಳಗೆ ಬೀದಿಗೆ ಇಡಿಸಿದ್ದಳು. ಹಳೆ ಸ್ಪೀಕರು ಕೊಳ್ಳುವವರು, ಮಾರುವವರು, ರಿಪೇರಿ ಮಾಡುವವರು ಎಲ್ಲ ಸೇರಿ ದೊಡ್ಡ ಬಳಗವೇನಲ್ಲ. ಆ ಬಳಗದಲ್ಲಿ ಇವರಿಗೆ ‘ಒಪ್ಪಬೇಕಲ್ಲ’ ಎಂದೇ ಹೆಸರು ಬಿತ್ತು. ಕಿವಿ ಸೂಕ್ಷ್ಮ, ಪಾಪ, ಹೆಂಡತಿ ಮಾತ್ರ ಮಾರಿ.

ಹೆಂಡತಿಗೆ ಇದರ ಗಾಳಿಯೂ ಸೋಕಿರಲಿಲ್ಲ. ಆಕೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವಾಕೆ. ಗಂಡ ಭಾನುವಾರ ಸ್ನೇಹಿತರ ಮನೆಗೆ ಸಂಗೀತ ಕೇಳಲು ಹೋಗುತ್ತಾರೆ ಎಂದಷ್ಟೇ ಆಕೆಗೆ ಗೊತ್ತು. ಬೇಡ ಎಂದು ಆಕೆ ಹೇಳಿದ್ದು ನನಗೆ ತಿಳಿದಂತೆ ಒಮ್ಮೆ, ಹಸಿರು ಬಣ್ಣದ ಸೋಫಾಕ್ಕೆ. ಅದೂ ಇವರು ಕೇಳಿದ್ದಕ್ಕೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಅಂದರೆ ಇದೇ.

ಹೀಗಿರುವಾಗ ನಿವೃತ್ತ ಸರ್ವೇಯರ್ ಒಬ್ಬರು ತಮ್ಮ ಜೋಡಿ ಸ್ಪೀಕರು ಮಾರಲು ಹೊರಟರು. ಅವರು ಮನೆ ಮಾರಿ ತಮ್ಮನ ಪಕ್ಕದ ಚಿಕ್ಕ ಮನೆಗೆ ಹೋಗುವವರು. ಅಲ್ಲಿ ಈ ಪೆಟ್ಟಿಗೆಗಳಿಗೆ ಜಾಗವಿಲ್ಲ. ಹಲ್ಲು ಕಟ್ಟುವವರು ಹೋದರು, ಕೇಳಿದರು, ಮುಂದಿನ ಭಾನುವಾರ ಮತ್ತೆ ಹೋದರು. ಅಂಥ ಧ್ವನಿಯನ್ನು ಅವರು ಬೇರೆಲ್ಲೂ ಕೇಳಿರಲಿಲ್ಲ. ಹಾಡುವಾಕೆ ಉಸಿರು ಎಳೆದುಕೊಳ್ಳುವುದು, ಪಿಟೀಲಿನ ಕಮಾನು ತಿರುಗುವುದು, ಎಲ್ಲ ಕೋಣೆಯೊಳಗೇ ನಡೆದಂತಿತ್ತು. ಮೂರನೆಯ ಸಲ ಹೋದಾಗ, ಕನ್ನಡಕದಂಗಡಿ ನಡೆಸುವ ಒಬ್ಬಾಕೆ ಕೊಳ್ಳಲು ಬಂದಿದ್ದರೆಂದು ಸರ್ವೇಯರ್ ಹೇಳಿದರು. ಇವರ ಬಾಯಿಂದ ಮಾತು ಜಾರಿತು.

“ಯಾರಿಗೂ ಕೊಡಬೇಡಿ ಸರ್. ಹೇಗಾದ್ರೂ ಮಾಡಿ ಮನೇಲಿ ಒಪ್ಪಿಸ್ತೀನಿ.”

“ಆಯ್ತು ಬಿಡಿ. ನಿಮಗೇ ಅಂತ ಇಟ್ಟಿರ್ತೀನಿ,” ಎಂದರು ಸರ್ವೇಯರ್.

ಆಮೇಲೂ ಎರಡು ಭಾನುವಾರ ಇವರು ಹೋಗಿ ಕೇಳಿ ಬಂದರು. ಮನೆಯಲ್ಲಿ ಮಾತ್ರ ಚಕಾರ ಎತ್ತಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಇವರು ಫ್ಯಾನಿನ ರೆಕ್ಕೆ ಬಿಚ್ಚಿ ಒರೆಸುತ್ತಿದ್ದರು, ಹೆಂಡತಿ ಇಸ್ತ್ರಿ ಹಾಕುತ್ತಿದ್ದರು. ಕರೆಗಂಟೆ ಸದ್ದು ಮಾಡಿತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕಿತ್ತಳೆ ಹಣ್ಣಿನ ಚೀಲ ಹಿಡಿದು ಸರ್ವೇಯರ್ ನಿಂತಿದ್ದರು. ವಿಳಾಸವನ್ನು ಔಷಧಿ ಅಂಗಡಿಯಲ್ಲಿ ವಿಚಾರಿಸಿಕೊಂಡು ಬಂದಿದ್ದರಂತೆ.

“ಅಮ್ಮಾ, ನನ್ನ ಮೇಲೆ ರೇಗಬೇಡಿ. ನಾನೇ ಆ ಸ್ಪೀಕರಿನವನು.”

“ಯಾವ ಸ್ಪೀಕರು?” ಎಂದರು ಹೆಂಡತಿ.

ಸರ್ವೇಯರ್ ನಕ್ಕರು. “ನೀವು ಹೀಗೇ ಮಾತಾಡ್ತೀರ ಅಂತ ಇವರು ಹೇಳಿದ್ರು. ಇರಲಿ. ನಾನು ನಿಮ್ಮ ತಂದೆ ವಯಸ್ಸಿನವನು, ಒಂದು ಮಾತು ಹೇಳ್ತೀನಿ. ನಿಮ್ಮ ಯಜಮಾನರು ಕುಡಿಯಲ್ಲ, ಜೂಜಾಡಲ್ಲ. ಇದೊಂದು ಆಸೆ ಇಟ್ಕೊಂಡಿದ್ದಾರೆ. ಬರ್ತಾರೆ, ಕೂತು ಕೇಳ್ತಾರೆ, ಕಣ್ಣು ತುಂಬ್ಕೋತಾರೆ, ನಿಮ್ಮ ಹೆದರಿಕೆಗೆ ಎದ್ದು ಹೋಗ್ತಾರೆ. ನೋಡೋಕೆ ಆಗಲ್ಲ ತಾಯಿ.”

“ನನ್ನ ಹೆದರಿಕೆಗೆ?”

“ಜಾಗದ ಚಿಂತೆ ತಾನೇ ನಿಮಗೆ? ಅಳತೆ ನನ್ನ ಕಸುಬು.” ಅವರು ಜೇಬಿನಿಂದ ಟೇಪು ತೆಗೆದು, ಒಂದು ತುದಿಯನ್ನು ಮನೆಯಾಕೆಯ ಕೈಗೇ ಕೊಟ್ಟು, ಗೋಡೆಯಿಂದ ಕಿಟಕಿಗೆ, ಕಿಟಕಿಯಿಂದ ಕಪಾಟಿಗೆ ಅಳೆದು, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಎರಡು ಗೀಟು ಎಳೆದರು. “ಇಲ್ಲೊಂದು, ಅಲ್ಲೊಂದು. ಓಡಾಡೋಕೆ ಏನೂ ತೊಂದರೆ ಇಲ್ಲ. ಆದ್ರೆ ಒಂದು ಕೇಳ್ಕೋತೀನಿ. ಹೋದ ಸಲ ತಂದಿದ್ದನ್ನ ಬೀದಿಗೆ ಇಡಿಸಿದ್ರಂತಲ್ಲ, ಹಾಗೆ ಮಾತ್ರ ಮಾಡಬೇಡಿ. ಬೇಡ ಅನ್ನಿಸಿದ್ರೆ ನನಗೆ ಒಂದು ಫೋನ್ ಮಾಡಿ.”

ಹೆಂಡತಿ ಗಂಡನತ್ತ ತಿರುಗಿದರು. ಗಂಡ ಕೈಯಲ್ಲಿದ್ದ ರೆಕ್ಕೆಯ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದರು. ಕೌಂಟರಿನ ಆಚೆ ನಿಂತವರ ಮುಖ ಓದಿ ಓದಿ ಪಳಗಿದ ಹೆಂಗಸು. ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಬೀದಿಗೆ ಇಡಿಸಿದ್ದು,” ಎಂದು ನಿಧಾನವಾಗಿ ಹೇಳಿದರು. “ಹೌದು. ನನಗೆ ಕೋಪ ಸ್ವಲ್ಪ ಜಾಸ್ತಿ. ಈಗ ಒಪ್ಪಿದ್ದೀನಿ ಸರ್. ನನ್ನ ಅಡ್ಡಿ ಏನಿಲ್ಲ. ಇನ್ನು ಬೇಕೋ ಬೇಡ್ವೋ, ಅವರೇ ಬಂದು ನಿಮಗೆ ಹೇಳ್ತಾರೆ.”

“ನನಗೆ ಗೊತ್ತಿತ್ತು, ನೇರವಾಗಿ ಮಾತಾಡಿದ್ರೆ ಎಲ್ಲಾ ಸರಿಹೋಗುತ್ತೆ ಅಂತ,” ಎಂದು ಸರ್ವೇಯರ್ ಹಿಗ್ಗಿದರು. “ಕನ್ನಡಕದಂಗಡಿ ಮೇಡಂ ಮತ್ತೆ ಮತ್ತೆ ಕೇಳಿದ್ರು. ಮಾತು ಕೊಟ್ಟಾಗಿದೆ ಅಂತ ವಾಪಸು ಕಳಿಸಿದೆ.”

ಅವರು ಮೆಟ್ಟಿಲಿಳಿದು ಹೋದ ಮೇಲೆ ಹೆಂಡತಿ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿದರು.

“ಇನ್ನೂ ಎಷ್ಟು ಮನೇಲಿ ನಾನು ರಾಕ್ಷಸಿ?”

“ಹಾಗೇನೂ ಇಲ್ಲ ಕಣೆ. ಸುಮ್ನೆ ಮಾತಿಗೆ…”

“ರೇಡಿಯೋ ರಿಪೇರಿಯವನು ಪಾರ್ಸೆಲ್ ಕಳಿಸೋಕೆ ಬಂದಾಗೆಲ್ಲ, ‘ದಾರ ಸ್ವಲ್ಪ ಸಡಿಲ ಬಿಡಿ ಮೇಡಂ’ ಅಂತ ನಗ್ತಿದ್ದ. ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ಈಗ ಗೊತ್ತಾಯ್ತು, ಅದು ನಿಮ್ಮ ಮೂಗುದಾರ ಅಂತ.”

“ತಪ್ಪಾಯ್ತು.”

“ತಪ್ಪು ಅಂತ ನನಗೂ ಗೊತ್ತು. ಆ ಸ್ಪೀಕರು ನಿಮಗೆ ಬೇಕಾ, ಬೇಡ್ವಾ?”

ಇವರು ಗೋಡೆಯ ಗೀಟುಗಳತ್ತ ನೋಡಿ, “ನೀನೇನಂತೀಯ?” ಎಂದರು.

“ನೋಡಿ, ಮತ್ತೆ ಶುರು,” ಎಂದು ಆಕೆ ಒಳಗೆ ಹೋದರು. “ನನ್ನ ಹೆಸರು ಎತ್ತದೆ ಒಂದು ಮಾತು ಆಡೋಕೆ ಬರುತ್ತಾ ನೋಡ್ಕೊಳ್ಳಿ. ಬೇಕು ಅಂದ್ರೂ ಸರಿ, ಬೇಡ ಅಂದ್ರೂ ಸರಿ,” ಎಂದು ಒಳಗಿನಿಂದಲೇ ಹೇಳಿದರು.

ಆ ವಾರ ಇವರು ಪಟ್ಟ ಪಾಡನ್ನು ಗಂಡ ಹೆಂಡತಿ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಬ್ಯಾಂಕಿನಲ್ಲಿ ದುಡ್ಡಿತ್ತು. ಗೋಡೆಯ ಮೇಲಿನ ಗೀಟುಗಳ ಪ್ರಕಾರ ಜಾಗವಿತ್ತು. ಹೆಂಡತಿಯ ಒಪ್ಪಿಗೆ ಇತ್ತು. ಒಂದೊಂದೇ ಅಡ್ಡಿಯನ್ನು ಹುಡುಕಿದರು, ಯಾವುದೂ ಸಿಗಲಿಲ್ಲ. ಅಡ್ಡಿಯಿಲ್ಲ ಎಂಬುದೇ ಇವರನ್ನು ಹೆಚ್ಚು ಹೆದರಿಸಿತು. ಹೆಂಡತಿ ಬೇಡವೆನ್ನುತ್ತಾಳೆ ಎಂದು ಇಷ್ಟು ವರ್ಷ ಊರಿಗೆ ಹೇಳಿದ್ದು ಸರಿ. ಅದನ್ನು ತಾವೂ ಅರ್ಧ ನಂಬಿಬಿಟ್ಟಿದ್ದರು. ಪರರ ಮನೆಯಲ್ಲಿ ಕೇಳಿದ ಸಂಗೀತಕ್ಕೆ ಹೊಣೆಯಿರಲಿಲ್ಲ. ಪೆಟ್ಟಿಗೆಗಳು ತಮ್ಮ ಮನೆಗೆ ಬಂದರೆ ಕೋನಿನ ಅಂಚು ಪುಡಿಯಾದರೂ ತಮ್ಮದೇ, ಧ್ವನಿ ಮಂಕಾದರೂ ತಮ್ಮದೇ, ಇಷ್ಟು ಕೊಟ್ಟು ತಂದದ್ದು ದಂಡವಾಯಿತೇ ಎಂಬ ಸಂಶಯವೂ ತಮ್ಮದೇ. ಬೇಕು ಎನ್ನಲು ಧೈರ್ಯವಿಲ್ಲದ ಮನುಷ್ಯನಿಗೆ ಬೇಡ ಎನ್ನಲೂ ಧೈರ್ಯವಿರಲಿಲ್ಲ. ಸಾಣೆ ಹಿಡಿಯುತ್ತ ಕೂತಾಗ, ತಮ್ಮನ್ನು ಕೂರಿಸಿ ಉಪಚರಿಸಿದ ಮನೆಗಳು ಒಂದೊಂದಾಗಿ ನೆನಪಾಗಿ ಮುಖ ಬಿಸಿಯಾಗುತ್ತಿತ್ತಂತೆ. ಊಟಕ್ಕೆ ಕೂತಾಗಲೂ ಹೆಂಡತಿಯ ಮುಖ ನೋಡಲಾಗುತ್ತಿರಲಿಲ್ಲ. ಆಕೆ ಎಂದಿನಂತೆಯೇ ಬಡಿಸುತ್ತಿದ್ದರು. ಆ ವಿಷಯ ಮತ್ತೆ ಎತ್ತಲಿಲ್ಲ.

ಭಾನುವಾರ ಇವರು ಬರಿಗೈಯಲ್ಲಿ ಹೋದರು. ಸರ್ವೇಯರರ ಹಜಾರದ ತುಂಬ ರಟ್ಟಿನ ಪೆಟ್ಟಿಗೆಗಳು. ನಡುವೆ ಆ ಎರಡು ಸ್ಪೀಕರುಗಳಿಗೆ ಹಳೆಯ ಕಂಬಳಿ ಹೊದಿಸಿ, ಹಗ್ಗ ಸುತ್ತಿ ಇಡಲಾಗಿತ್ತು.

“ಮೂಲೆ ತರಚಬಾರದು ಅಂತ ನಾನೇ ಕಟ್ಟಿದೆ. ವ್ಯಾನಿನವನಿಗೂ ಹೇಳಿಟ್ಟಿದ್ದೀನಿ,” ಎಂದರು ಸರ್ವೇಯರ್.

“ಸರ್, ಬೇಡ.”

ಸರ್ವೇಯರ್ ಕುರ್ಚಿಯಲ್ಲಿ ಕೂತರು. “ಮತ್ತೆ ಕೊಕ್ಕೆ ಹಾಕಿದ್ರಾ ಮನೆಯವರು? ನನ್ನೆದುರಿಗೆ ಒಪ್ಪಿ, ಹಿಂದೆ ಬೇರೆ ರಾಗ. ಹೋಗಲಿ ಬಿಡಿ, ನೀವೇನು ಮಾಡ್ತೀರಿ ಪಾಪ.”

ತಲೆಯಾಡಿಸಿದ್ದರೆ ಸಾಕಿತ್ತು. ಆ ಹಣ್ಣುಹಣ್ಣು ಮುದುಕರು ದಾರಿಯನ್ನು ತಾವೇ ತೆರೆದುಕೊಟ್ಟಿದ್ದರು. ತಲೆ ಆಡಲು ಶುರುವಾಗಿಯೂ ಇತ್ತು, ಅದನ್ನು ಹಿಡಿದು ನಿಲ್ಲಿಸಬೇಕಾಯಿತು ಎಂದು ಇವರೇ ನನಗೆ ಹೇಳಿದರು.

“ಅವಳು ಯಾವತ್ತೂ ಬೇಡ ಅಂದಿಲ್ಲ ಸರ್. ನಾನು ಅವಳಿಗೆ ಹೇಳೇ ಇರ್ಲಿಲ್ಲ. ನೀವು ಬಂದ ದಿನಾನೇ ಅವಳಿಗೆ ಗೊತ್ತಾಗಿದ್ದು. ಬೀದಿಗೆ ಇಡಿಸಿದ್ದೂ ಸುಳ್ಳು. ಕೊಂಡ್ಕೊಳ್ಳೋ ಮನಸ್ಸು ನನಗೇ ಇರ್ಲಿಲ್ಲ. ಸಂಗೀತಕ್ಕೆ ಬರ್ತಿದ್ದೆ.”

ಸರ್ವೇಯರ್ ಊರುಗೋಲಿನ ಹಿಡಿಯನ್ನು ತಿರುಗಿಸುತ್ತ ಕೂತರು. ಪಾಪ ಎನ್ನುವ ಭಾವ ಮುಖದಿಂದ ಇಳಿದುಹೋಗಿತ್ತು.

“ಸಂಗೀತಕ್ಕೆ ಬರ್ತೀನಿ ಅಂತ ಮೊದಲ ದಿನ ಹೇಳಿದ್ರೆ ನಾನು ಬಾಗಿಲು ಹಾಕ್ತಿದ್ನಾ?”

ಇವರು ಸ್ಪೀಕರಿಗೆ ಹೊದಿಸಿದ್ದ ಕಂಬಳಿಯ ಅಂಚು ಸರಿಪಡಿಸಿದರು.

“ಟೇಪ್ ಹಿಡಿದು ಅಳೆದೆನಲ್ರೀ ನಾನು. ಆ ಹೆಣ್ಣುಮಗಳ ಮುಂದೆ ನನ್ನನ್ನ ಕೋತಿ ಮಾಡಿದ್ರಿ. ಬುದ್ಧಿ ಬೇರೆ ಹೇಳಿ ಬಂದಿದ್ದೀನಿ.” ಅವರು ಫೋನನ್ನು ಮುಂದಕ್ಕೆ ತಳ್ಳಿದರು. “ಕನ್ನಡಕದಂಗಡಿಯವರಿಗೆ ನೀವೇ ಮಾತಾಡಿ. ನಾನು ಇನ್ಯಾವ ಮುಖ ಇಟ್ಕೊಂಡು ಕರೀಲಿ?”

ಕನ್ನಡಕದಂಗಡಿಯಾಕೆ ವ್ಯಾಪಾರದ ಹೆಂಗಸು. ಯಾರು ಮಾತಾಡುತ್ತಿರುವುದು ಎಂದು ತಿಳಿದ ಕೂಡಲೇ, “ಓ, ಒಪ್ಪಬೇಕಲ್ಲನವರಾ?” ಎಂದು ನಕ್ಕರು. ಸರ್ವೇಯರರ ಸ್ಪೀಕರು ಮತ್ತೆ ಮಾರಾಟಕ್ಕಿದೆ ಎಂದು ಕೇಳಿದ ಮೇಲೆ ನಗು ನಿಂತಿತು.

“ನಿಮ್ಮಂಥವರು ಕೈಬಿಟ್ಟಿದ್ದೀರ ಅಂದ್ರೆ ಏನೋ ಕೆಟ್ಟಿದೆ. ಅಂಚು ಹೋಗಿದ್ಯಾ?”

“ಇಲ್ಲಮ್ಮ. ಏನೂ ಕೆಟ್ಟಿಲ್ಲ. ನಾನು ಕೇಳಿದ್ರಲ್ಲೆಲ್ಲ ಇದೇ ಚೆನ್ನಾಗಿರೋದು.”

“ಮತ್ತೆ ಯಾಕೆ ಬಿಟ್ರಿ?”

ಸರ್ವೇಯರ್ ಎದುರಿಗೇ ಕೂತಿದ್ದರು. ಆಗಷ್ಟೇ ಆಡಿದ ಮಾತನ್ನೆಲ್ಲ ಇವರು ಫೋನಿನಲ್ಲಿ ಎರಡನೆಯ ಸಲ ಆಡಿದರು. ಮೊದಲ ಸಲಕ್ಕಿಂತ ಅದು ಕಷ್ಟವಾಯಿತು.

“ಇಷ್ಟು ವರ್ಷ ಹೇಳಿದ್ದು ಸುಳ್ಳು ಅಂತ ನೀವೇ ಹೇಳ್ತಿದ್ದೀರಿ,” ಎಂದರು ಆಕೆ. “ಚೆನ್ನಾಗಿದೆ ಅನ್ನೋದನ್ನ ಮಾತ್ರ ಹೇಗೆ ನಂಬಲಿ?”

“ನಂಬಬೇಡಿ. ಬಂದು ನೀವೇ ಕೇಳಿ ನೋಡಿ.”

ಆಕೆ ಬಂದರು. ಸರ್ವೇಯರ್ ಕಟ್ಟಿದ್ದ ಹಗ್ಗವನ್ನು ಇವರೇ ಬಿಚ್ಚಿದರು, ಕಂಬಳಿ ಸರಿಸಿದರು, ತಂತಿ ಜೋಡಿಸಿದರು. ಆಕೆ ಕೂತು ಕೇಳುವಷ್ಟು ಹೊತ್ತೂ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದರು. ಕೇಳಿ ಮುಗಿಸಿ ಆಕೆ ಸರ್ವೇಯರರೊಂದಿಗೆ ವ್ಯವಹಾರ ಕುದುರಿಸಿಕೊಂಡರು. ಸರ್ವೇಯರ್ ಆಕೆಗೆ ಕೈಮುಗಿದರು. ಇವರ ಕಡೆ ತಿರುಗಲಿಲ್ಲ.

“ನೀವೂ ಬನ್ನಿ. ಅಂಗಡೀಲಿ ಇಳಿಸೋಕೆ ಇನ್ನೊಂದು ಆಳು ಬೇಕು,” ಎಂದರು ಕನ್ನಡಕದಂಗಡಿಯಾಕೆ.

ಇವರು ವ್ಯಾನಿನ ಹಿಂಭಾಗದಲ್ಲಿ, ಎರಡು ಪೆಟ್ಟಿಗೆಗಳ ನಡುವೆ, ಅವು ವಾಲದಂತೆ ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು ಕೂತರು. ಆಕೆ ಮುಂದೆ ಚಾಲಕನ ಪಕ್ಕದಲ್ಲಿ. ಸ್ವಲ್ಪ ದೂರ ಹೋದ ಮೇಲೆ ಆಕೆ ಹಿಂದಕ್ಕೆ ತಿರುಗಿದರು.

“ನಿಮ್ಮ ಮನೆಯವರು ಅಂಚೆ ಕಚೇರೀಲಿ ತಾನೇ ಇರೋದು? ಎರಡನೇ ಕೌಂಟರು?”

“ಹೌದು.”

“ಜಗಳಗಂಟಿ ಅಂತ ಹೆದರಿ ನಾನು ಅವರ ಸಾಲು ಬಿಟ್ಟು ಪಕ್ಕದ ಉದ್ದ ಸಾಲಲ್ಲಿ ನಿಲ್ತಿದ್ದೆ. ನಾನೊಬ್ಬಳೇ ಅಲ್ಲ.”

“ಇನ್ಮೇಲೆ ಅವರ ಸಾಲಲ್ಲೇ ನಿಂತ್ಕೊಳ್ಳಿ,” ಎಂದರು ಇವರು. ದನಿ ಏಳಲಿಲ್ಲ.

“ಏನಂದ್ರಿ?”

ಎಂಜಿನ್ನಿನ ಸದ್ದಿನ ಮೇಲೆ ಅದನ್ನೇ ಗಟ್ಟಿಯಾಗಿ ಮತ್ತೊಮ್ಮೆ ಹೇಳಬೇಕಾಯಿತು. ಚಾಲಕನೂ ಕನ್ನಡಿಯಲ್ಲಿ ಇವರನ್ನು ನೋಡಿದ.