ಹೆಗಲ ಜೋಡಿ

ಚಿಕ್ಕಪ್ಪ ನನ್ನ ಪಕ್ಕಕ್ಕೆ ಬಂದು ನಿಂತರೆ ಮೈ ಜುಮ್ಮೆನ್ನುತ್ತಿತ್ತು. ಮಾತಾಡುವ ನೆಪದಲ್ಲಿ ಹತ್ತಿರ ಸರಿದು, ತನ್ನ ಹೆಗಲನ್ನೂ ನನ್ನ ಹೆಗಲನ್ನೂ ಓರೆಗಣ್ಣಿನಲ್ಲಿ ಅಳೆದು, ಜಗಲಿಯ ಮೇಲೆ ಕೂತ ಅಜ್ಜಿಗೆ ವರದಿ ಒಪ್ಪಿಸುತ್ತಿದ್ದ.

"ಇನ್ನೂ ಒಂದು ಬೆರಳು ಕಮ್ಮಿ ಅವ್ನೆ ಕಣವ್ವಾ."

"ಇರ್ಲಿ ಬುಡು. ತುಂಡು ಮಡಚಿ ಇಟ್ಕೊಂಡ್ರೆ ಸರಿಹೋಯ್ತದೆ."

ತುಂಡು ಎಂದರೆ ನಮ್ಮವರ ಬಾಯಲ್ಲಿ ಟವೆಲ್ಲು. ಆಗ ನನಗೆ ಐವತ್ತು ಸಮೀಪಿಸಿತ್ತು. ಇನ್ನು ಬೆಳೆಯುವುದೆಲ್ಲಿ ಬಂತು!

ತಮಿಳು ಸೀಮೆಯ ಶೋಳಿಂಗನಲ್ಲೂರಿನ ಗಾಜಿನ ಕಟ್ಟಡಗಳ ಹಿಂದೆ ಒಂದು ಕೆರೆ, ಕೆರೆಯ ಕೆಳಗೆ ನಮ್ಮೂರು. ಊರು ಅನ್ನುವುದು ದೊಡ್ಡ ಮಾತು. ಯಾವುದೋ ಬರಗಾಲದಲ್ಲಿ ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಬಂದ ಒಂದೇ ಕುಲದ ಕೆಲವು ಮನೆಗಳು, ಜೊಂಡು ಕಿತ್ತು ಗದ್ದೆ ಮಾಡಿಕೊಂಡಿದ್ದವು. ಭತ್ತ ಬೆಳೆದರು, ಭತ್ತ ಕುಯ್ದ ಮೇಲೆ ಸೊಪ್ಪು ಬೆಳೆದು ಪಲ್ಲಾವರಂ ಸಂತೆಗೆ ಹೊತ್ತರು. ನಮ್ಮಪ್ಪ ರೈಲ್ವೆ ಕೆಲಸ ಸಿಕ್ಕಿ ಆ ಪಲ್ಲಾವರಂನಲ್ಲೇ ಮನೆ ಮಾಡಿದ. ಉಳಿದವರೂ ಹಾಗೇ ಒಬ್ಬೊಬ್ಬರಾಗಿ ಹೋದರು. ಯಾರೂ ಜಗಳವಾಡಿ ಹೋದದ್ದು ನನಗೆ ನೆನಪಿಲ್ಲ. ಒಂದು ಮಳೆಗಾಲಕ್ಕೆ ಬಿತ್ತುತ್ತಿರಲಿಲ್ಲ, ಮುಂದಿನ ಮಳೆಗಾಲಕ್ಕೆ ಬಾಗಿಲಿಗೆ ಬೀಗ ಬಿದ್ದಿರುತ್ತಿತ್ತು.

ಅಲ್ಲಿ ಸತ್ತವರನ್ನು ಊರಿನ ಹೆಗಲೇ ಹೊರಬೇಕು, ಹೊರಗಿನವರು ಮುಟ್ಟುವಂತಿಲ್ಲ. ಸ್ಮಶಾನಕ್ಕೆ ಗದ್ದೆಯ ಸಣ್ಣ ಬದುವಿನ ಮೇಲೆ ನಡೆಯಬೇಕಾದ್ದರಿಂದ, ಎತ್ತಿಗೆ ಎತ್ತು ಹುಡುಕಿದ ಹಾಗೆ ಎತ್ತರ ನೋಡಿ ಹೆಗಲಿಗೆ ಹೆಗಲು ಜೋಡಿ ಮಾಡುತ್ತಿದ್ದರು. ಚಟ್ಟ ಓರೆಯಾದರೆ ಅದು ಬೆನ್ನಿಗೇ ಇನ್ನೊಬ್ಬರನ್ನು ಕರೆದೊಯ್ಯುತ್ತದೆ ಎಂದು ನಂಬಿಕೆ. ಅಪ್ಪನೂ ಮದುವೆಯಾಗದ ಚಿಕ್ಕಪ್ಪನೂ ಒಂದು ಜೋಡಿ. ಎದುರು ಮನೆಯ, ಮಕ್ಕಳಿಲ್ಲದ ಅಣ್ಣತಮ್ಮಂದಿರು ಇನ್ನೊಂದು. ಅಪ್ಪ ತೀರಿಕೊಂಡ ಮೇಲೆ ಅವನ ಜಾಗ ನನ್ನ ಪಾಲಿಗೆ ಬಂತು. ಕೊನೆಗೆ ಹೆಗಲು ಕೊಡಲು ಉಳಿದವರು ನಾವು ನಾಲ್ವರೇ.

ಅಜ್ಜಿಗೆ ಈ ಲೆಕ್ಕ ನಮಗಿಂತ ಮೊದಲೇ ಹೊಳೆದಿತ್ತು. ನಾಲ್ವರಲ್ಲಿ ಒಬ್ಬ ಮುಂದೆ ಹೋದರೂ ಅವಳನ್ನು ಹೊರುವವರಿಲ್ಲ. ಎಲ್ಲಿ ತಡವಾಗಿ ಸಾಯುತ್ತೇನೋ ಎಂದೇ ಅವಳಿಗೆ ಹೆದರಿಕೆ. ಎದುರು ಮನೆಯ ಅಣ್ಣ ಕೆಮ್ಮಿದರೆ ಸಾಕು, ಕಷಾಯ ಕಾಯಿಸಿ ಕೋಲೂರಿಕೊಂಡು ತಾನೇ ಒಯ್ಯುತ್ತಿದ್ದಳು. ನನಗೆ ದಿನವೂ ಫೋನು.

"ಬೀಪಿ ಮಾತ್ರೆ ನುಂಗ್ದಾ? ಗಾಡಿ ಮೆಲ್ಲಗೆ ಓಡ್ಸು. ನಾನು ಹೋಗೋಗಂಟ ನಾಲ್ಕೂ ಜನ ನೆಟ್ಟಗಿರಿ ಕಣಪ್ಪಾ."

ನಾನು ನಗುತ್ತಿದ್ದೆ. ಆದರೆ ಗಾಡಿ ಮೆಲ್ಲಗೇ ಓಡಿಸುತ್ತಿದ್ದೆ.

ಅವಳ ಹಟವೇ ಗೆದ್ದಿತು. ಮಳೆ ಶುರುವಾಗುವ ಮುಂಚೆ, ಮಧ್ಯಾಹ್ನ ಮಜ್ಜಿಗೆ ಕುಡಿದು ಮಲಗಿದವಳು ಏಳಲಿಲ್ಲ. ನನ್ನ ಹೆಗಲ ಮೇಲೆ ಚಿಕ್ಕಪ್ಪನೇ ತುಂಡು ಮಡಚಿ ಇಟ್ಟ. ಬದು ಇದ್ದ ಕಡೆ ಅಪಾರ್ಟ್‌ಮೆಂಟಿನ ಕಾಂಪೌಂಡು ಎದ್ದಿತ್ತು. ಗೋಡೆಗೂ ಚರಂಡಿಗೂ ನಡುವೆ ಉಳಿದ ಓಣಿಯಲ್ಲೇ ಹೊರಟೆವು. ಗೋಡೆ ತಿರುಗುವ ಮೂಲೆಯಲ್ಲಿ ಚಟ್ಟ ಹಿಡಿಸಲಿಲ್ಲ. ಹಿಂದೆ ಸರಿದು ನೋಡಿದೆವು, ಆಗಲಿಲ್ಲ. ಕೊನೆಗೆ ಓರೆ ಮಾಡಿದೆವು. ಅಜ್ಜಿಯ ಕಾಲು ಅಂಚಿಗೆ ಜಾರಿತು. ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನೋಡಿದಳು. ಚಟ್ಟ ನೆಟ್ಟಗೆ ಮಾಡಿ ಮುಂದೆ ನಡೆದೆವು. ಮಣ್ಣು ಹಾಕಿ ಕೆರೆಯಲ್ಲಿ ಮುಳುಗಿ ಏಳುವಾಗಲೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಮಳೆಯಲ್ಲಿ ಕೆರೆ ಕೋಡಿ ಬಿತ್ತು. ಅದೇ ವಾರ ಎದುರು ಮನೆಯ ಅಣ್ಣ ಹೋದ. ವಯಸ್ಸಾಗಿತ್ತು, ಕೆಮ್ಮಿತ್ತು ಎಂದು ನನಗೆ ನಾನೇ ಹೇಳಿಕೊಂಡರೂ ಗೋಡೆಯ ಆ ಮೂಲೆಯೇ ಕಣ್ಣ ಮುಂದೆ ಬಂತು. ಮೂರು ಹೆಗಲಿಗೆ ಚಟ್ಟ ನಿಲ್ಲುವುದಿಲ್ಲ. ವ್ಯಾನು ತರಿಸಿದೆವು. ಡ್ರೈವರ್ರೂ ಅವನ ಜೊತೆಗಾರನೂ ಎತ್ತಿ ಒಳಗೆ ಜಾರಿಸಿದರು. ಸತ್ತವನ ತಮ್ಮ, ವ್ಯಾನಿನ ಬಾಗಿಲು ಹಿಡಿದು ಮಗುವಿನ ಹಾಗೆ ಅತ್ತ. ಚಿಕ್ಕಪ್ಪ ಅಳಲಿಲ್ಲ. ವ್ಯಾನನ್ನೇ ನೋಡುತ್ತಾ ನನ್ನನ್ನು ಕೇಳಿದ:

"ನಂಗೂ ಇದೇ ವಂಡಿನಾ?"

ನಾನು ಡ್ರೈವರ್ರಿಗೆ ದುಡ್ಡು ಎಣಿಸಿ ಕೊಟ್ಟೆ.

ಪೊಂಗಲ್ ದಿನ ಹೆಣ್ಣುಮಕ್ಕಳಿಬ್ಬರನ್ನೂ ಊರಿಗೆ ಕರೆದೊಯ್ದೆ. ಇಬ್ಬರಿಗೂ ಆ ಗಾಜಿನ ಕಟ್ಟಡಗಳಲ್ಲೇ ಕೆಲಸ. ಕನ್ನಡ ಕೇಳಿದರೆ ಗೊತ್ತಾಗುತ್ತದೆ, ಬಾಯಿ ತೆರೆದರೆ ತಮಿಳು. ಎತ್ತರ ಮಾತ್ರ ನಮ್ಮಪ್ಪನದೇ. ಚಿಕ್ಕಪ್ಪ ಅವರಿಗೆ ಕಬ್ಬು ಮುರಿದು ಕೊಡುತ್ತಾ ಹತ್ತಿರ ಸರಿದ. ದೊಡ್ಡವಳ ಹೆಗಲ ಕಡೆ ಅವನ ಓರೆಗಣ್ಣು ತಿರುಗಿತು, ಆಮೇಲೆ ಚಿಕ್ಕವಳ ಕಡೆ. ಕಬ್ಬು ನನ್ನ ಬಾಯಲ್ಲೇ ಉಳಿಯಿತು. ನಮ್ಮೂರಿನಲ್ಲಿ ಹೆಂಗಸರು ಹೆಣದ ಹಿಂದೆ ಊರಬಾಗಿಲು ದಾಟಿದ್ದೇ ಇಲ್ಲ. ಬೇಡ ಚಿಕ್ಕಪ್ಪ ಅನ್ನಬೇಕೆಂದುಕೊಂಡೆ. ಅಷ್ಟರಲ್ಲಿ ವ್ಯಾನು ನೆನಪಾಯಿತು.

"ಎನ್ನ ತಾತಾ ಪಾಕ್ಕರೀಂಗ?" ಏನು ನೋಡುತ್ತಿದ್ದೀರಿ ಎಂದು ಚಿಕ್ಕವಳು ನಕ್ಕಳು. ಯಾರು ಎತ್ತರವೆಂದು ಹೇಳಿಬಿಡಿ ಎನ್ನುತ್ತಾ ಇಬ್ಬರೂ ಚಪ್ಪಲಿ ಬಿಟ್ಟು, ಹೆಗಲಿಗೆ ಹೆಗಲು ತಾಗಿಸಿ ನೆಟ್ಟಗೆ ನಿಂತರು.

ಚಿಕ್ಕಪ್ಪ ಒಬ್ಬಳ ಹೆಗಲಿನಿಂದ ಇನ್ನೊಬ್ಬಳ ಹೆಗಲಿಗೆ ಅಂಗೈ ಸವರಿದ. ಎಲ್ಲೂ ಏರಲಿಲ್ಲ, ಇಳಿಯಲಿಲ್ಲ. ಅವನು ಖಾಲಿ ಜಗಲಿಯ ಕಡೆ ತಿರುಗಿದ.

"ಇವ್ರಿಗೆ ತುಂಡು ಬ್ಯಾಡ ಕಣವ್ವಾ," ಅಂದ.