ಗೆಂಟಿನ ಮಗ್ಗ, ಎದುರುಮನೆ ಅಜ್ಜ

ಎದುರುಮನೆ ಅಜ್ಜ ಎಂದೂ ಎದುರಿಗಿದ್ದವರ ಕಣ್ಣು ನೋಡಿ ಮಾತಾಡಿದವರಲ್ಲ, ಬಾಯಿಯನ್ನೇ ನೋಡುತ್ತಿದ್ದರು. ದುಬೈಯ ಅಲ್ ನಹ್ದಾದಲ್ಲಿನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಮೊದಲ ಸಲ ಸಿಕ್ಕಾಗ, ಬೆಳಗಿನ ಚಟ್ನಿ ಮೀಸೆಗೆ ಅಂಟಿದೆಯೇನೋ ಎಂದು ನಾನು ಮತ್ತೆ ಮತ್ತೆ ಒರೆಸಿಕೊಂಡೆ. ಅವರು ನಕ್ಕು, ಲಿಫ್ಟೇ ನಡುಗುವಂಥ ದನಿಯಲ್ಲಿ, "ಏನೂ ಅಂಟಿಲ್ಲ ತಮ್ಮಾ. ನನ್ನ ಕಿವಿ ಮಿಲ್ಲಿಗೆ ಕೊಟ್ಟು ಬಂದೀನಿ. ತುಟಿ ನೋಡಿ ಮಾತು ತಿಳ್ಕೊಂತೀನಿ" ಎಂದರು.

ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸಿದ ಜೀವ. ಆ ಗದ್ದಲದಲ್ಲಿ ಎಷ್ಟು ಕೂಗಿದರೂ ಕೇಳದು. ಹಾಗಾಗಿ ಕೆಲಸದವರೆಲ್ಲ ದನಿಯಿಲ್ಲದೆ, ತುಟಿಯಲ್ಲೇ ಮಾತಾಡುತ್ತಿದ್ದರಂತೆ. ಹರಟೆ, ಜಗಳ, ಮದುವೆ ಮಾತುಕತೆ ಎಲ್ಲವೂ ಹಾಗೇ. ಕೊನೆಗೆ ಗಿರಣಿಯೂ ಮುಚ್ಚಿತು, ಇವರ ಕಿವಿಯೂ ಮುಚ್ಚಿತು. ಹೆಂಡತಿ ತೀರಿಕೊಂಡ ಮೇಲೆ, ದುಬೈಯಲ್ಲಿ ನರ್ಸ್ ಆಗಿದ್ದ ಮಗಳು ತನ್ನಲ್ಲಿಗೆ ಕರೆಸಿಕೊಂಡಿದ್ದಳು.

ನನ್ನ ಮಗಳು ಆಗ ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ಮೈಸೂರಿನಿಂದ ನನ್ನಮ್ಮ ವಿಡಿಯೋ ಕಾಲ್ ಮಾಡಿದರೆ ಅಜ್ಜಿ, ಮೊಮ್ಮಗಳು ಮುಖ ಮುಖ ನೋಡಿ ನಗುವುದೇ ಮಾತು. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಗದರಿದೆ, ಚಾಕೊಲೇಟಿನ ಆಸೆ ತೋರಿಸಿದೆ, ಊಹೂಂ. ನಾವು ಗಂಡ ಹೆಂಡತಿ ಸಿಲಿಕಾನ್ ಓಯಸಿಸ್‌ನ ಆಫೀಸಿನಿಂದ ಬರುವವರೆಗೆ ಅವಳು ಎದುರುಮನೆಯಲ್ಲಿ ಇರತೊಡಗಿದ ಮೇಲೆ ಆಟ ಬದಲಾಯಿತು. "ಇಂಗ್ಲಿಷ್ ತುಟಿ ನನಗೆ ತಿಳಿಯಾದಿಲ್ಲವ್ವ" ಎಂದು ಅಜ್ಜ ಕೈಚೆಲ್ಲಿಬಿಟ್ಟರು. ಅವರು ಕರಿಯುವ ಬಿಸಿ ಬಿಸಿ ಮಿರ್ಚಿ ಬೇಕೆಂದರೆ ಬಾಯಿ ಬಿಟ್ಟು ಕನ್ನಡದಲ್ಲೇ ಕೇಳಬೇಕು. ಗಿರಣಿಯ ದನಿಯಿಲ್ಲದ ತುಟಿಮಾತನ್ನೂ ಅವಳಿಗೆ ಆಡಿಸುತ್ತಾ ಕಲಿಸಿದರು.

ಒಂದು ಈದ್ ರಜೆಗೆ ಎರಡೂ ಮನೆಯವರು ಬೆಲ್ಜಿಯಂಗೆ ಹೊರಟೆವು. ಗೆಂಟ್ ಊರಿನಲ್ಲಿ ಹಳೆಯ ಹತ್ತಿ ಗಿರಣಿಯನ್ನೇ ಮ್ಯೂಸಿಯಂ ಮಾಡಿದ್ದಾರೆ ಎಂದಾಗ ಅಜ್ಜ ಗಹಗಹಿಸಿದರು. "ಮಿಲ್ ನೋಡಾಕೆ ರೊಕ್ಕ ಕೊಟ್ಟು ಹೋಗ್ತಾರಾ? ನಮಗೆ ಒಳಗೆ ಬರ್ರೋ ಅಂತ ಅವರೇ ಸಂಬಳ ಕೊಡ್ತಿದ್ರು!"

ಕೋಟೆ, ಚರ್ಚು, ಚಿತ್ರಗಳ ಮ್ಯೂಸಿಯಂ, ಎಲ್ಲ ಕಡೆ ಕೂರಲು ಬೆಂಚು ಹುಡುಕುತ್ತಿದ್ದ ಅಜ್ಜ, ಗಿರಣಿಯ ಮೆಟ್ಟಿಲನ್ನು ಮಾತ್ರ ನಮಗಿಂತ ಮೊದಲೇ ಹತ್ತಿದರು. ಮಗ್ಗಗಳಿದ್ದ ಕೋಣೆಯ ಬಾಗಿಲಲ್ಲಿ ಶೂ, ಸಾಕ್ಸು ಬಿಚ್ಚಿ ಬದಿಗಿಟ್ಟರು. ದೇವಸ್ಥಾನ ಎಂದುಕೊಂಡರೇನೋ ಎಂದು ನನಗೆ ಮುಜುಗರ. ಮ್ಯೂಸಿಯಂನ ಹೆಂಗಸು ಗಾಬರಿಯಿಂದ ಓಡಿಬಂದಳು. ನನ್ನ ಮಗಳು ಅಡ್ಡ ನಿಂತು ಇಂಗ್ಲಿಷಿನಲ್ಲಿ ಹೇಳಿದಳು: ನಮ್ಮಜ್ಜನಿಗೆ ಕಿವಿ ಕೇಳಿಸದು, ಅವರು ಕಾಲಲ್ಲಿ ಕೇಳಿಸಿಕೊಳ್ಳುತ್ತಾರೆ. ಆ ಹೆಂಗಸು ಅಜ್ಜನ ಮುಖವನ್ನೊಮ್ಮೆ ನೋಡಿ, ಹೋಗಿ, ಒಂದಾದ ಮೇಲೊಂದು ಮಗ್ಗ ಚಾಲೂ ಮಾಡಿದಳು.

ನೆಲ ಗಡಗಡ ನಡುಗಿತು. ಬಂದವರೆಲ್ಲ ಕಿವಿ ಮುಚ್ಚಿಕೊಂಡರು. ಅಜ್ಜ ಬರಿಗಾಲೂರಿ ನಿಂತು, ನನ್ನ ಮಗಳತ್ತ ತಿರುಗಿ ತುಟಿ ಆಡಿಸಿದರು. ಅವಳೂ ಆಡಿಸಿದಳು. ನಮಗೆ ಏನೊಂದೂ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ, ಅದೇನು ಅಷ್ಟು ಮಾತು ಎಂದು ಅವಳನ್ನು ಕೇಳಿದೆ.

"'ಇವತ್ತು ಇವರೆಲ್ಲ ಕಿವುಡ್ರು, ನಾವಿಬ್ರೇ ಸರಿ ಅದೀವಿ' ಅಂದ್ರು ಅಜ್ಜ. ಮತ್ಯಾಕೆ ಅಳ್ತಿದೀರಾ ಅಂದೆ. ಕಣ್ಣಿಗೆ ಹತ್ತಿ ಧೂಳು ಬಿತ್ತು ಅಂದ್ರು. ಸುಳ್ಳು ಅಪ್ಪಾ, ಅಲ್ಲಿ ಧೂಳೇ ಇರ್ಲಿಲ್ಲ."

ಅಷ್ಟನ್ನೂ ಅವಳು ಕನ್ನಡದಲ್ಲಿ ಹೇಳಿದಳೆಂದು ನನಗೆ ಹೊಳೆದದ್ದು ಟ್ರಾಮ್ ಹತ್ತಿದ ಮೇಲೆ.

ಕಳೆದ ಚಳಿಗಾಲದಲ್ಲಿ ಅಜ್ಜ ನಿದ್ದೆಯಲ್ಲೇ ಹೋದರು. ಅವರ ಮಗಳು ದೇಹವನ್ನು ಊರಿಗೆ ಒಯ್ದಳು. ಮೊನ್ನೆ ಅಮ್ಮನ ಕಾಲ್ ಬಂದಾಗ, ನನ್ನ ಮಗಳು ಫೋನನ್ನು ಬಾಯಿಗೆ ನೇರ ಹಿಡಿದು, ಒಂದೊಂದು ಮಾತನ್ನೂ ಬಿಡಿಸಿ ಹೇಳತೊಡಗಿದಳು: "ಅಜ್ಜೀ, ಇಲ್ಲಿ ಭಾಳ ಬಿಸಿಲೈತಿ."

"ಐತಿ ಅಂತಾಳಲ್ಲೋ! ಎಲ್ಲಿ ಕಲಿತಳೋ ಇದನ್ನ?" ಅಮ್ಮನಿಗೆ ನಗು ತಡೆಯಲಾಗಲಿಲ್ಲ.

"ಎದುರುಮನೆ ಅಜ್ಜ ಕಲಿಸಿದ್ದಮ್ಮ" ಎಂದೆ. ನನ್ನ ಮಗಳಿಗೆ ಕನ್ನಡ ಕೊಟ್ಟವರು ಅವರು. ಅವಳ ದನಿಯನ್ನು ಮಾತ್ರ ಒಂದು ದಿನವೂ ಕೇಳಲಿಲ್ಲ.